ಭಿತ್ತಿಚಿತ್ರದ ಕರಡು ಮತ್ತು ಸತ್ಯಾಣುವ್ರತ

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಎರಡನೆಯದು ಸತ್ಯಾಣುವ್ರತ. ಈ ವ್ರತಕ್ಕೆ ಕಳಂಕ ತರುವ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ಕೂಟಲೇಖಕ್ರಿಯೆ ಎಂಬುದೂ ಒಂದು. ಮತ್ತೊಬ್ಬನು ಆಡದ ಮಾತನ್ನು, ಮಾಡದ ಕೆಲಸವನ್ನು ಅವನದೇ ಎಂಬಂತೆ ವಂಚನೆಗಾಗಿ ಬರೆದಿಡುವುದು ಕೂಟಲೇಖವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಸಾಮಾನ್ಯವಾಗಿ ಇದನ್ನು ಸಾಲಪತ್ರ, ಕ್ರಯಪತ್ರ, ಲೆಕ್ಕದ ಪುಸ್ತಕಗಳಿಗೆ ಅನ್ವಯಿಸಿ ಹೇಳುವುದು ವಾಡಿಕೆ. ಆದರೆ ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಕ್ರಿಯಾಪದ ಒಂದೇ. ಹಾಗಾದರೆ ಗೋಡೆಯ ಮೇಲೆ ಬರೆದ ಚಿತ್ರವೂ ಕೂಟಲೇಖವಾಗಬಹುದೇ? ಆಗಬಹುದಾದರೆ ಆ ದೋಷದಿಂದ ಪಾರಾಗುವ ಬಗೆ ಯಾವುದು?

ಬಸದಿಗಳ ಜೀರ್ಣೋದ್ಧಾರವೂ ಸಭಾಭವನಗಳ ನಿರ್ಮಾಣವೂ ನಡೆಯುವಲ್ಲಿ ಗೋಡೆಗಳ ಮೇಲೆ ಇತಿಹಾಸವನ್ನು ಚಿತ್ರಿಸಬೇಕೆಂಬ ಬಯಕೆ ಸಹಜವಾಗಿಯೇ ಮೂಡುತ್ತದೆ. ಆದಕಾರಣ ಈ ಪ್ರಶ್ನೆ ಕೇವಲ ತರ್ಕದ ವಿಷಯವಲ್ಲ. ಇದಕ್ಕೆ ಉತ್ತರವನ್ನು ಮುಗಿದ ಚಿತ್ರಕ್ಕಿಂತ ಮೊದಲು, ಚಿತ್ರಕಾರನು ಸಿದ್ಧಪಡಿಸುವ ಕರಡುಗಳಲ್ಲಿಯೂ ಆ ಕರಡಿಗಾಗಿ ಅವನು ನಡೆಸುವ ಸಂಶೋಧನೆಯಲ್ಲಿಯೂ ಹುಡುಕಬೇಕು.

ನಮ್ಮ ಗೋಡೆಗಳು

ಜೈನರಿಗೆ ಭಿತ್ತಿಚಿತ್ರವು ಹೊಸದಲ್ಲ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಸಿತ್ತನ್ನವಾಸಲ್ ಗುಹಾಲಯದ ಛಾವಣಿಯಲ್ಲಿ ಒಂದು ತಾವರೆಗೊಳವಿದೆ. ಮೀನು, ಹಂಸ, ಆನೆಗಳ ನಡುವೆ ಭವ್ಯರು ಹೂಗಳನ್ನು ಕೊಯ್ಯುತ್ತಿದ್ದಾರೆ. ಇದು ಸಮವಸರಣದ ಖಾತಿಕಾಭೂಮಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಎಲ್ಲೋರದ ಜೈನ ಗುಹೆಗಳಲ್ಲಿ, ಕಂಚಿಯ ಬಳಿಯ ತಿರುಪ್ಪರುತ್ತಿಕುನ್ರಂ ಜಿನಾಲಯದಲ್ಲಿ ವರ್ಣಚಿತ್ರಗಳು ಉಳಿದುಬಂದಿವೆ. ಶ್ರವಣಬೆಳಗೊಳದ ಮಠದ ಗೋಡೆಗಳನ್ನಂತೂ ನಮ್ಮಲ್ಲಿ ಅನೇಕರು ಕಂಡಿದ್ದಾರೆ.

ಆ ಮಠದ ಒಂದು ಗೋಡೆಯಲ್ಲಿ ಷಡ್ಲೇಶ್ಯಾ ವೃಕ್ಷವಿದೆ. ಹಣ್ಣು ಬೇಕೆಂದು ಬಂದ ಆರು ಜನರಲ್ಲಿ ಒಬ್ಬನು ಮರವನ್ನೇ ಬುಡಸಹಿತ ಕೀಳಬಯಸುತ್ತಾನೆ, ಮತ್ತೊಬ್ಬನು ಕಾಂಡವನ್ನು, ಇನ್ನೊಬ್ಬನು ಕೊಂಬೆಯನ್ನು. ಕಡೆಯವನು ನೆಲಕ್ಕೆ ಬಿದ್ದ ಹಣ್ಣಿನಿಂದಲೇ ತೃಪ್ತನಾಗುತ್ತಾನೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಪರಿಣಾಮಗಳನ್ನು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರವೂ ಇದೇ ದೃಷ್ಟಾಂತದಿಂದ ವಿವರಿಸುತ್ತದೆ. ಈ ಆರು ಜನರು ಯಾರು, ಯಾವ ಊರಿನವರು, ಯಾವ ಶತಮಾನದವರು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಅದು ದೃಷ್ಟಾಂತ.

ಆದರೆ ಅದೇ ಮಠದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರವೂ ಇದೆ. ಅದರ ಸ್ವರೂಪ ಬೇರೆ. ಅದು "ಹೀಗೆ ನಡೆಯಿತು" ಎನ್ನುತ್ತದೆ. ದೃಷ್ಟಾಂತದ ಚಿತ್ರವು ಮನಸ್ಸನ್ನು ತಿದ್ದುತ್ತದೆ. ಘಟನೆಯ ಚಿತ್ರವು ಸಾಕ್ಷಿ ನುಡಿಯುತ್ತದೆ. ಸಾಕ್ಷಿಗೆ ಕಟ್ಟಳೆ ಹೆಚ್ಚು. ನೋಡುವವನಿಗೆ ಈ ಎರಡರ ಭೇದವು ತಾನಾಗಿ ತಿಳಿಯುವುದಿಲ್ಲ. ಗೋಡೆಯ ಮೇಲೆ ಎರಡೂ ಒಂದೇ ಬಣ್ಣದಲ್ಲಿ, ಒಂದೇ ಗಾತ್ರದಲ್ಲಿ ನಿಂತಿರುತ್ತವೆ.

ಮೊದಲು ಅಳಿಸಬಲ್ಲ ರೇಖೆ

ಗೋಡೆಗೆ ಬಣ್ಣ ಹಚ್ಚುವ ಮುನ್ನ ನಡೆಯಬೇಕಾದ ಕೆಲಸವನ್ನು ಕನ್ನಡ ನಾಡಿನ ದೊರೆಯೊಬ್ಬನೇ ಗ್ರಂಥದಲ್ಲಿ ದಾಖಲಿಸಿದ್ದಾನೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು (1126–1138) ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿಯೆಂಬುದು ಅದರ ಇನ್ನೊಂದು ಹೆಸರು. ಅದರ ಚಿತ್ರಪ್ರಕರಣದಲ್ಲಿ ಗೋಡೆಯನ್ನು ನುಣುಪುಗೊಳಿಸುವ ವಿಧಾನವಿದೆ, ಬಣ್ಣಗಳ ವಿವರಣೆಯಿದೆ. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಂತೆ ಹೊಸೆದ ವರ್ತಿಕೆ ಎಂಬ ಸಾಧನದ ಪ್ರಸ್ತಾಪವೂ ಇದೆ. ಚಿತ್ರಕಾರನು ವಸ್ತುವನ್ನು ಮೊದಲು ಮನಸ್ಸಿನಲ್ಲಿ ನೆಲೆಗೊಳಿಸಿಕೊಂಡು, ವರ್ತಿಕೆಯಿಂದ ಗೋಡೆಯ ಮೇಲೆ ರೇಖೆಯನ್ನೆಳೆದು, ಆ ಬಳಿಕವೇ ಬಣ್ಣಕ್ಕೆ ಕೈಹಾಕಬೇಕು.

ವರ್ತಿಕೆಯ ರೇಖೆಯನ್ನು ಬಟ್ಟೆಯಿಂದ ಒರೆಸಬಹುದು. ಬಣ್ಣ ಕೂಡಿದ ಮೇಲೆ ಒರೆಸಲಾಗದು. ಈ ಸರಳ ಸಂಗತಿಯಲ್ಲಿ ಒಂದು ನೀತಿಯೂ ಅಡಗಿದೆ: ತಿದ್ದಿಕೊಳ್ಳುವ ಅವಕಾಶವಿರುವ ಹಂತವನ್ನು ಚಿತ್ರಕಾರನು ಅವಸರದಲ್ಲಿ ದಾಟಬಾರದು. ಅಸತ್ಯಕ್ಕೆ ಪ್ರಮಾದವೇ ಮೂಲವೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಚಿತ್ರಕಾರನಿಗೆ ವಂಚಿಸುವ ಉದ್ದೇಶ ಇಲ್ಲದಿರಬಹುದು. ಆದರೂ ವಿಚಾರಿಸದೆ, ಹೋಲಿಸಿ ನೋಡದೆ, ಕೇಳಿದ್ದನ್ನೇ ಗೋಡೆಗೇರಿಸಿದರೆ ಅಲ್ಲಿ ಪ್ರಮಾದವಿದೆ. ಕರಡು ಮತ್ತು ಸಂಶೋಧನೆಗಳು ಆ ಪ್ರಮಾದಕ್ಕೆ ಮದ್ದು.

ಸೋಮೇಶ್ವರನ ಗ್ರಂಥವು ಇನ್ನೊಂದು ಎಚ್ಚರವನ್ನೂ ಉಂಟುಮಾಡುತ್ತದೆ. ಅಲ್ಲಿ ಬಣ್ಣ ಹಿಡಿದುನಿಲ್ಲಲು ಹೇಳಿರುವ ವಜ್ರಲೇಪವು ಎಮ್ಮೆಯ ತೊಗಲನ್ನು ಬೇಯಿಸಿ ಮಾಡಿದ ಅಂಟು. ಅಹಿಂಸೆಯನ್ನು ಸಾರುವ ಚಿತ್ರವು ಯಾವ ಅಂಟಿನಿಂದ ಗೋಡೆಗೆ ಅಂಟಿದೆ, ಯಾವ ಪ್ರಾಣಿಯ ಕೂದಲಿನ ಕುಂಚದಿಂದ ಮೂಡಿದೆ ಎಂದು ವಿಚಾರಿಸುವುದೂ ಚಿತ್ರ ಬರೆಸುವ ಶ್ರಾವಕರ ಸಂಶೋಧನೆಗೆ ಸೇರಿದ್ದು.

ಕರಡನ್ನೇ ನಿಯಮವಾಗಿಸಿದ ಒಂದು ಪ್ರಯೋಗ

ಸಾರ್ವಜನಿಕ ಕಟ್ಟಡದ ಚಿತ್ರಕ್ಕೆ ಕರಡು, ಪರಿಶೀಲನೆ, ಒಪ್ಪಿಗೆ ಎಂಬ ಹಂತಗಳನ್ನು ವ್ಯಾಪಕವಾಗಿ ಜಾರಿಗೆ ತಂದು, ಅದರ ಲಾಭನಷ್ಟಗಳೆರಡನ್ನೂ ಜಗತ್ತಿಗೆ ತೋರಿಸಿಕೊಟ್ಟ ಪ್ರಯೋಗವೊಂದು ಅಮೆರಿಕದಲ್ಲಿ ನಡೆಯಿತು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1934ರಲ್ಲಿ, ಆ ದೇಶದ ಖಜಾನೆ ಇಲಾಖೆಯು ಚಿತ್ರ ಮತ್ತು ಶಿಲ್ಪಗಳಿಗಾಗಿ ಒಂದು ವಿಭಾಗವನ್ನು ತೆರೆಯಿತು. 1943ರವರೆಗೆ ನಡೆದ ಈ ವಿಭಾಗವು ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿ ಮೊದಲಾದ ಸರ್ಕಾರಿ ಕಟ್ಟಡಗಳಿಗೆ ಕಲಾಕೃತಿಗಳನ್ನು ಮಾಡಿಸಿತು. ಸ್ಪರ್ಧೆಗಳಲ್ಲಿ ಕರಡುಗಳನ್ನು ಹೆಸರಿಲ್ಲದೆ ಪರಿಶೀಲಿಸಲಾಗುತ್ತಿತ್ತು. ಆಯ್ಕೆಯಾದ ಕಲಾವಿದನು ಊರಿನ ಇತಿಹಾಸ, ಕಸುಬು, ನೆಲದ ಗುಣಗಳನ್ನು ಅರಿತುಕೊಂಡು ಮೊದಲು ಚಿಕ್ಕ ವರ್ಣಕರಡನ್ನು, ಬಳಿಕ ಗೋಡೆಯ ಅಳತೆಯ ರೇಖಾಚಿತ್ರವನ್ನು ಸಿದ್ಧಪಡಿಸಬೇಕಿತ್ತು. ಒಂದೊಂದು ಹಂತವೂ ಒಪ್ಪಿಗೆಯಾದಂತೆ ಹಣ ಕಂತುಕಂತಾಗಿ ಸಲ್ಲುತ್ತಿತ್ತು.

ವ್ಯವಸ್ಥೆ ಚೆನ್ನಾಗಿತ್ತು. ಆದರೆ ತಿದ್ದುವ ಅವಕಾಶವು ಸತ್ಯವನ್ನು ಉಳಿಸಲೂ ಬಳಕೆಯಾಗಬಹುದು, ಅಳಿಸಲೂ ಬಳಕೆಯಾಗಬಹುದು.

ಐಡಹೊ ರಾಜ್ಯದ ಕೆಲಾಗ್ ಗಣಿಗಾರಿಕೆಯ ಊರು. ಅಲ್ಲಿಯ ಅಂಚೆ ಕಚೇರಿಗಾಗಿ 1939ರಲ್ಲಿ ಫ್ಲೆಚರ್ ಮಾರ್ಟಿನ್ ಎಂಬ ಕಲಾವಿದರು ಸಲ್ಲಿಸಿದ ಕರಡು ಆಯ್ಕೆಯಾಯಿತು. ಗಣಿಯ ಅಪಘಾತದಲ್ಲಿ ಗಾಯಗೊಂಡ ಕೂಲಿಯೊಬ್ಬನನ್ನು ಸಂಗಡಿಗರು ಹೊತ್ತು ತರುವ ದೃಶ್ಯವದು. ಕಾರ್ಮಿಕ ಸಂಘದವರು ಅದನ್ನು ಬಯಸಿದರು, ಗಣಿಯ ಒಡೆತನದ ಪಕ್ಷದವರು ವಿರೋಧಿಸಿದರು. ಕಡೆಗೆ ಗೋಡೆಯನ್ನೇರಿದ್ದು, ಆ ಊರಿಗೆ ಹೆಸರು ಕೊಟ್ಟ ನೋವಾ ಕೆಲಾಗ್ ಮತ್ತು ಅವನ ಕತ್ತೆಯು ಅದಿರನ್ನು ಕಂಡುಹಿಡಿದ ಪ್ರಸಂಗ. ಆ ಚಿತ್ರದಿಂದ ಯಾರಿಗೂ ನೋವಾಗುವಂತಿರಲಿಲ್ಲ. ಗಾಯಾಳುವಿನ ಚಿತ್ರವು ಈಗ ಕರಡಿನ ರೂಪದಲ್ಲಿ ಮಾತ್ರ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಕಲಾ ಸಂಗ್ರಹಾಲಯದಲ್ಲಿದೆ. ಗೋಡೆಯು ಹೇಳದುದನ್ನು ಕರಡು ಹೇಳುತ್ತಿದೆ. ಆ ಹಾಳೆಯನ್ನು ಯಾರೋ ಬೇಡವೆಂದು ಎಸೆದಿದ್ದರೆ, ಊರು ಏನನ್ನು ನೋಡಲೊಲ್ಲದಾಯಿತು ಎಂಬುದೇ ನಮಗೆ ಕಾಣುತ್ತಿರಲಿಲ್ಲ.

ರಿಂಕನ್ ಅಂಚೆ ಕಚೇರಿಯ ಗೋಡೆಗಳು

ಇದಕ್ಕಿಂತ ದೊಡ್ಡ ಪರೀಕ್ಷೆ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆಯಿತು. 1940ರಲ್ಲಿ ಕಟ್ಟಿ ಮುಗಿಸಿದ ರಿಂಕನ್ ಅನೆಕ್ಸ್ ಎಂಬ ಅಂಚೆ ಕಚೇರಿಗೆ ಕ್ಯಾಲಿಫೋರ್ನಿಯದ ಇತಿಹಾಸವನ್ನು ಚಿತ್ರಿಸುವ ಸ್ಪರ್ಧೆಯಲ್ಲಿ 1941ರಲ್ಲಿ ಗೆದ್ದವರು ಆಂಟನ್ ರೆಫ್ರೆಜಿಯರ್. 1905ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1920ರಲ್ಲಿ ಅಮೆರಿಕಕ್ಕೆ ಬಂದವರು. ಒಪ್ಪಂದದ ಮೊತ್ತ 26,000 ಡಾಲರ್. ಆ ವಿಭಾಗವು ಕೊಟ್ಟವುಗಳಲ್ಲೆಲ್ಲ ಅತಿ ದೊಡ್ಡದು. ಅಷ್ಟರಲ್ಲಿ ಯುದ್ಧ ಬಂದಿತು. ಗೋಡೆಯ ಕೆಲಸ ನಡೆದದ್ದು 1946ರಿಂದ 1948ರವರೆಗೆ. ಸುಮಾರು 400 ಅಡಿ ಉದ್ದಕ್ಕೆ 27 ಚಿತ್ರಗಳು ಮೂಡಿದವು. ಬಿಳಿಯ ಲೇಪನದ ಮೇಲೆ, ಹಾಲಿನಿಂದ ತೆಗೆಯುವ ಕೇಸೀನ್ ಅಂಟಿನಲ್ಲಿ ಕಲಸಿದ ಬಣ್ಣಗಳಿಂದ ಅವರು ಇವುಗಳನ್ನು ರಚಿಸಿದರು.

ರೆಫ್ರೆಜಿಯರ್ ಅವರ ಆಯ್ಕೆಯಲ್ಲಿಯೇ ಒಂದು ನಿಲುವಿತ್ತು. ಮೂಲನಿವಾಸಿಗಳು, ಸ್ಪೇನಿನ ಪಾದ್ರಿಗಳು, ಚಿನ್ನದ ಶೋಧ, ರೈಲುಮಾರ್ಗ, 1906ರ ಭೂಕಂಪ, ಹಡಗು ಕಟ್ಟೆ ಇವೆಲ್ಲ ಎಲ್ಲರೂ ನಿರೀಕ್ಷಿಸುವ ವಿಷಯಗಳು. ಅವುಗಳ ಸಾಲಿನಲ್ಲಿಯೇ ಅವರು 1877ರ ಗಲಭೆಯನ್ನು ಚಿತ್ರಿಸಿದರು. ಆ ವರ್ಷ ಜುಲೈ ತಿಂಗಳಲ್ಲಿ ಅದೇ ನಗರದ ಬಿಳಿಯ ಜನರ ಗುಂಪು ಚೀನೀಯರ ಮೇಲೆ ಬಿದ್ದಿತ್ತು. 1934ರ ಬಂದರು ಮುಷ್ಕರವನ್ನೂ ಅವರು ಬಿಡಲಿಲ್ಲ; ಆ ಜುಲೈ 5ರಂದು ಪೊಲೀಸರ ಗುಂಡಿಗೆ ಇಬ್ಬರು ಬಲಿಯಾಗಿದ್ದರು. ಹೊಡೆದವರ ಮಕ್ಕಳೂ ಹೊಡೆಸಿಕೊಂಡವರ ಮಕ್ಕಳೂ ಒಂದೇ ಕಿಟಕಿಯಲ್ಲಿ ಅಂಚೆ ಚೀಟಿ ಕೊಳ್ಳುವ ಸ್ಥಳವದು. ಅಲ್ಲಿ ಇಂಥ ಚಿತ್ರ ಬರೆಯಬೇಕಾದರೆ ಆಧಾರವು ಗಟ್ಟಿಯಾಗಿರಬೇಕು. ಗಲಭೆಯೂ ಮುಷ್ಕರವೂ ನಡೆದದ್ದು ನಿಜವೆಂಬುದೇ ಮುಂದೆ ಆ ಗೋಡೆಗಳಿಗೆ ರಕ್ಷೆಯಾಯಿತು.

ಆಕ್ಷೇಪಗಳು ಒಂದೊಂದಾಗಿ ಬಂದವು. ಮಿಷನ್ನಿನ ಚಿತ್ರದಲ್ಲಿ ಪಾದ್ರಿಯ ಹೊಟ್ಟೆ ದಪ್ಪವಾಗಿದೆಯೆಂದು ಕೆಥೊಲಿಕ್ ಚರ್ಚಿನ ಕಡೆಯವರು ದೂರಿದರು. ಕಲಾವಿದರು ಹೊಟ್ಟೆಯನ್ನು ತಗ್ಗಿಸಿದರು. ಮುಷ್ಕರದ ಚಿತ್ರದಲ್ಲಿ ಒಬ್ಬನ ತಲೆಯ ಮೇಲೆ ಮಾಜಿ ಸೈನಿಕರ ಸಂಘದ ಟೊಪ್ಪಿಗೆಯಿತ್ತು. ಆ ಸಂಘದವರು ಪ್ರತಿಭಟಿಸಿದಾಗ ಅದೂ ಬದಲಾಯಿತು. ಕಡೆಯ ಚಿತ್ರದ ಕರಡಿನಲ್ಲಿ 1945ರಲ್ಲಿ ತೀರಿಕೊಂಡ ಅಧ್ಯಕ್ಷ ರೂಸ್‌ವೆಲ್ಟರ ಮುಖವಿತ್ತು. ಅಧಿಕಾರಿಗಳು ಅದನ್ನು ಒಪ್ಪಲಿಲ್ಲ. ಕಲಾವಿದರು ವಾದಿಸಿದರೂ ಆ ಮುಖ ಗೋಡೆಗೆ ಬರಲಿಲ್ಲ. ಚೀನೀಯರ ಮೇಲಿನ ಹಲ್ಲೆ ಮತ್ತು ಬಂದರಿನ ಮುಷ್ಕರ ಮಾತ್ರ ಗೋಡೆಯಲ್ಲಿ ಉಳಿದವು.

ಚಿತ್ರಗಳು ಮುಗಿದ ಮೇಲೂ ವಿವಾದ ಆರಲಿಲ್ಲ. 1953ರಲ್ಲಿ ಹ್ಯೂಬರ್ಟ್ ಸ್ಕಡರ್ ಎಂಬ ಶಾಸಕರು ಇವುಗಳನ್ನು ಗೋಡೆಯಿಂದ ತೆಗೆದುಹಾಕಬೇಕೆಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಗೊತ್ತುವಳಿ ಮಂಡಿಸಿದರು. ಚಿತ್ರಗಳು ಕ್ಯಾಲಿಫೋರ್ನಿಯದ ಹಿರಿಯರನ್ನು ಅವಹೇಳನ ಮಾಡುತ್ತವೆ, ಕಮ್ಯುನಿಸ್ಟ್ ಪ್ರಚಾರವಾಗಿವೆ ಎಂಬುದು ಆರೋಪ. ಮೇ 1ರಂದು ವಿಚಾರಣೆ ನಡೆಯಿತು. ನಗರದ ಕಲಾವಿದರೂ ಸಂಗ್ರಹಾಲಯಗಳವರೂ ಚಿತ್ರಗಳ ಪರವಾಗಿ ನಿಂತರು. ಗೊತ್ತುವಳಿ ಸಮಿತಿಯಲ್ಲಿಯೇ ಉಳಿದುಹೋಯಿತು. 1979ರಲ್ಲಿ ಆ ಕಟ್ಟಡವು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಅಂಚೆ ಕಚೇರಿ ಅಲ್ಲಿಂದ ಹೋದರೂ ಚಿತ್ರಗಳಿರುವ ಆ ಮೊಗಸಾಲೆಯನ್ನು ಉಳಿಸಿಕೊಳ್ಳಲಾಯಿತು.

ನಯ ಮತ್ತು ದುರ್ನಯ

ಈ ಪ್ರಸಂಗವನ್ನು ಅನೇಕಾಂತ ದೃಷ್ಟಿಯಿಂದ ನೋಡಬೇಕು. ರೆಫ್ರೆಜಿಯರ್ ಎಡಪಂಥದ ಕಡೆಗೆ ಒಲವಿದ್ದವರು. ಅವರ ಆಯ್ಕೆಯ ಮೇಲೆ ಆ ಒಲವಿನ ನೆರಳು ಬಿದ್ದಿಲ್ಲವೆಂದು ಹೇಳಲಾಗದು. ಇತಿಹಾಸವನ್ನು ಚಿತ್ರಿಸುವ ಪ್ರತಿಯೊಬ್ಬನೂ ಒಂದು ನಯದಿಂದಲೇ ಚಿತ್ರಿಸುತ್ತಾನೆ. ಅದು ದೋಷವಲ್ಲ. ತನ್ನ ನಯದ ಹೊರಗೆ ಸತ್ಯವೇ ಇಲ್ಲವೆಂದಾಗ ಅದು ದುರ್ನಯವಾಗುತ್ತದೆ. ಪಾದ್ರಿಯ ಹೊಟ್ಟೆಯ ಬಗೆಗೆ ಬಂದ ದೂರಿನಲ್ಲಿ ನ್ಯಾಯವಿತ್ತು. ಬಡಕಲು ಮೂಲನಿವಾಸಿಗಳ ನಡುವೆ ಬೊಜ್ಜಿನ ಪಾದ್ರಿಯನ್ನು ನಿಲ್ಲಿಸುವುದು ಸಾಕ್ಷಿಯಾಗದೆ ಅಣಕವಾಗುತ್ತದೆ. ಅದನ್ನು ತಿದ್ದಿಕೊಂಡದ್ದು ಕಲಾವಿದರ ಹಿರಿಮೆ. ಆದರೆ ಗಲಭೆಯ ಚಿತ್ರವು ನಮಗೆ ಅವಮಾನವಾದ್ದರಿಂದ ಅದನ್ನು ತೆಗೆಯಿರಿ ಎಂಬ ವಾದದಲ್ಲಿ ಆ ನ್ಯಾಯವಿಲ್ಲ. ಮೊದಲನೆಯ ಆಕ್ಷೇಪವು ಚಿತ್ರವನ್ನು ಸತ್ಯದ ಹತ್ತಿರಕ್ಕೆ ತರುತ್ತದೆ, ಎರಡನೆಯದು ದೂರಕ್ಕೆ ಒಯ್ಯುತ್ತದೆ. ಕರಡನ್ನು ಪರಿಶೀಲಿಸಲು ಕುಳಿತವರಿಗೆ ಇರಬೇಕಾದ ಅಳತೆಗೋಲು ಇದೇ.

ಚೀನೀಯರನ್ನು ಹೊಡೆಯುವ ದೃಶ್ಯದಲ್ಲಿ ಹಿಂಸೆಯಿದೆ. ಅಹಿಂಸಾಧರ್ಮದವರು ಅದನ್ನು ಮೆಚ್ಚಬಹುದೇ ಎಂದು ಕೇಳಬಹುದು. ಅಲ್ಲಿ ಒಂದು ಸಮಾಜವು ತನ್ನವರೇ ಮಾಡಿದ ಹಿಂಸೆಯನ್ನು ತನ್ನ ಗೋಡೆಯ ಮೇಲೆ ಒಪ್ಪಿಕೊಂಡಿದೆ. ಇದು ನಮ್ಮ ಆಲೋಚನಾ ವಿಧಿಗೆ ಸಮೀಪವಾದದ್ದು. ಮಾಡಿದ ದೋಷವನ್ನು ಗುರುಗಳ ಮುಂದೆ ಮರೆಯಿಲ್ಲದೆ ಹೇಳಿಕೊಳ್ಳುವ ಕ್ರಮ.

ಇದಕ್ಕೆ ವಿರುದ್ಧವಾದ ಉದಾಹರಣೆ ಬಹಳ ದೂರವಿಲ್ಲ. ಸಿತ್ತನ್ನವಾಸಲಿನ ತಾವರೆಗೊಳವಿರುವ ಪುದುಕೋಟೆ ಜಿಲ್ಲೆಯಲ್ಲಿಯೇ ಆವುಡೈಯಾರ್ ಕೋಯಿಲ್ ಎಂಬ ಊರಿದೆ. ಮದುರೆಯಲ್ಲಿ ಎಂಟು ಸಾವಿರ ಶ್ರಮಣರನ್ನು ಶೂಲಕ್ಕೇರಿಸಿದರೆಂಬ ಕಥೆಯನ್ನು ಅಲ್ಲಿಯ ದೇವಾಲಯದಲ್ಲಿ ಚಿತ್ರಿಸಲಾಗಿದೆ. ಕಥೆಯ ನಾಯಕ ತಿರುಜ್ಞಾನಸಂಬಂಧರು ಏಳನೆಯ ಶತಮಾನದವರು. ಕಥೆಯನ್ನು ವಿಸ್ತಾರವಾಗಿ ಹೇಳುವ ಪೆರಿಯ ಪುರಾಣ ಹನ್ನೆರಡನೆಯ ಶತಮಾನದ್ದು. ಇದನ್ನು ಇತಿಹಾಸವೆಂದು ಪರಿಗಣಿಸಲಾಗದೆಂದು ಕೆ. ಎ. ನೀಲಕಂಠ ಶಾಸ್ತ್ರಿಗಳು ಅಭಿಪ್ರಾಯಪಟ್ಟಿದ್ದಾರೆ. ಆದರೂ ಗೋಡೆಗೇರಿದ ಚಿತ್ರವು ಶತಮಾನಗಳ ಕಾಲ ಸಾಕ್ಷಿಯಂತೆ ನಿಂತಿದೆ. ಒಂದು ಪಕ್ಷಕ್ಕೆ ಅದು ವಿಜಯದ ನೆನಪು, ಮತ್ತೊಂದು ಪಕ್ಷಕ್ಕೆ ಗಾಯದ ನೆನಪು. ಎರಡಕ್ಕೂ ಆಧಾರವು ಒಂದು ಚಿತ್ರ; ಚಿತ್ರಕ್ಕೆ ಆಧಾರವು ಒಂದು ಕಥೆ. ಆ ಚಿತ್ರವನ್ನು ಬರೆಸಿದವರ ಮೇಲೆ ಇಂದು ದ್ವೇಷ ಸಾಧಿಸುವುದು ಕ್ಷಮಾಧರ್ಮವಲ್ಲ. ಅದಕ್ಕೆ ಪ್ರತಿಯಾಗಿ ನಾವೂ ಆಧಾರವಿಲ್ಲದ ಚಿತ್ರ ಬರೆಸುವುದು ಸತ್ಯವ್ರತವಲ್ಲ. ಆಧಾರವಿಲ್ಲದ ಚಿತ್ರದಿಂದಾಗುವ ನೋವನ್ನು ಬಲ್ಲ ಸಮಾಜವೇ ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು.

ನಮ್ಮ ಕರ್ತವ್ಯ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಭದ್ರಬಾಹು ಸ್ವಾಮಿಗಳೂ ಚಂದ್ರಗುಪ್ತನೂ ಶ್ರವಣಬೆಳಗೊಳಕ್ಕೆ ಬಂದ ಪ್ರಸಂಗವನ್ನು ಒಂದು ಸಭಾಭವನದಲ್ಲಿ ಚಿತ್ರಿಸಬೇಕಾಗಿದೆಯೆನ್ನಿ. ಕ್ಯಾಲೆಂಡರಿನ ಚಿತ್ರವನ್ನು ದೊಡ್ಡದು ಮಾಡಿದರೆ ಕೆಲಸ ಒಂದು ವಾರದಲ್ಲಿ ಮುಗಿದೀತು. ಸತ್ಯವ್ರತಿಯಾದ ಚಿತ್ರಕಾರನು ಮೊದಲು ಚಂದ್ರಗಿರಿಯ ಸುಮಾರು ಕ್ರಿ.ಶ. 600ರ ಶಾಸನವನ್ನು ಓದಿಸಿ ಕೇಳುತ್ತಾನೆ. ಅದರಲ್ಲಿ ಉಜ್ಜಯಿನಿಯಲ್ಲಿ ನುಡಿದ ಹನ್ನೆರಡು ವರ್ಷದ ಕ್ಷಾಮದ ಭವಿಷ್ಯವಿದೆ, ಸಂಘವು ದಕ್ಷಿಣಕ್ಕೆ ಬಂದ ವಿಷಯವಿದೆ, ಕಟವಪ್ರದಲ್ಲಿ ಸಮಾಧಿಯನ್ನು ಸಾಧಿಸಿದ ಪ್ರಭಾಚಂದ್ರರ ಹೆಸರಿದೆ. ಆ ಪ್ರಭಾಚಂದ್ರರೇ ಚಂದ್ರಗುಪ್ತನೆಂಬುದು ಪರಂಪರೆ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಬಳಿಕ ಅವನು ಚಂದ್ರಗುಪ್ತ ಬಸದಿಯ ಜಾಲಂಧ್ರವನ್ನು ನೋಡುತ್ತಾನೆ. ದಾಸೋಜನೆಂಬ ಶಿಲ್ಪಿಯ ಹೆಸರಿರುವ ಆ ಕಲ್ಲಿನ ಪರದೆಯಲ್ಲಿ ಇದೇ ಕಥೆಯು ಚಿಕ್ಕ ಚಿಕ್ಕ ದೃಶ್ಯಗಳಾಗಿ ಕೊರೆಯಲ್ಪಟ್ಟಿದೆ. ಮೌರ್ಯಕಾಲದ ಉಡುಗೆ ಹೇಗಿತ್ತು, ಇಂದಿನ ನಾಟಕದ ಕಿರೀಟ ಆಗ ಇತ್ತೇ ಎಂದು ವಿಚಾರಿಸುತ್ತಾನೆ. ಇಷ್ಟೆಲ್ಲ ಆದ ಮೇಲೆ ವರ್ತಿಕೆ ಹಿಡಿಯುತ್ತಾನೆ. ಚಿತ್ರದ ಕೆಳಗೆ ಶಾಸನದ್ದಕ್ಕೆ ಶಾಸನವೆಂದೂ ಪರಂಪರೆಯದ್ದಕ್ಕೆ ಪರಂಪರೆಯೆಂದೂ ಬರೆಯುತ್ತಾನೆ. ಇದರಿಂದ ಭಕ್ತಿಗೆ ಕುಂದಾಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದ್ದು ಭಕ್ತರಿಗೂ ಸೇರಿಯೇ.

ಬಸದಿಗಳ ಆಡಳಿತ ಮಂಡಲಿಗಳು ನಾಲ್ಕು ವಿಷಯಗಳನ್ನು ಪಾಲಿಸಿದರೆ ಸಾಕು. ಬಣ್ಣಕ್ಕೆ ಹಣ ಕೊಡುವ ಮುನ್ನ ಕರಡನ್ನೂ ಅದರ ಆಧಾರವನ್ನೂ ಕೇಳಬೇಕು. ಓದುವಿಕೆಗೆ, ಸ್ಥಳ ನೋಡುವುದಕ್ಕೆ ಚಿತ್ರಕಾರನಿಗೆ ಕಾಲವನ್ನೂ ಸಂಭಾವನೆಯನ್ನೂ ಕೊಡಬೇಕು. ಕರಡನ್ನು ಪಂಡಿತರಿಗೂ, ಚಿತ್ರದಲ್ಲಿ ಯಾವ ಜನರ ಪ್ರಸ್ತಾಪವಿದೆಯೋ ಅವರಿಗೂ ತೋರಿಸಿ, ಬಂದ ಆಕ್ಷೇಪವು ಸತ್ಯದ ಕಡೆಗೆ ಎಳೆಯುತ್ತದೆಯೋ ಮರೆಮಾಚುವ ಕಡೆಗೆ ಎಳೆಯುತ್ತದೆಯೋ ಎಂದು ತೂಗಬೇಕು. ಕಡೆಯದಾಗಿ, ಚಿತ್ರ ಮುಗಿದ ಮೇಲೆ ಕರಡುಗಳನ್ನು ಎಸೆಯದೆ, ತಿದ್ದುಪಡಿಗಳ ಕಾರಣವನ್ನು ನಡಾವಳಿಯಲ್ಲಿ ಬರೆದು, ಓಲೆಗರಿ ಗ್ರಂಥಗಳಷ್ಟೇ ಜೋಪಾನವಾಗಿ ಭಂಡಾರದಲ್ಲಿಡಬೇಕು. ಮುಂದಿನ ಪೀಳಿಗೆಯು ನಮ್ಮನ್ನು ಪರೀಕ್ಷಿಸಲು ಬೇಕಾದ ದಾಖಲೆ ಅದು.

ಮನುಷ್ಯನಿಗೆ ಪ್ರತಿದಿನವೂ ಪ್ರತಿಕ್ರಮಣದ ಅವಕಾಶವಿದೆ. ಗೋಡೆಗೆ ಆ ಅವಕಾಶವಿಲ್ಲ. ಒಮ್ಮೆ ಬರೆದದ್ದನ್ನು ಅದು ಬಣ್ಣ ಮಾಸುವವರೆಗೂ ಹೇಳುತ್ತಲೇ ಇರುತ್ತದೆ. ಗೋಡೆಯ ಪರವಾಗಿ ಮಾಡಬೇಕಾದ ಪ್ರತಿಕ್ರಮಣವನ್ನು ನಾವು ಕರಡಿನ ಹಾಳೆಯಲ್ಲಿಯೇ ಮಾಡಿ ಮುಗಿಸಬೇಕು.